ಸಭೆಯ ಮಾತಿಗೆ ಬಣ್ಣ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಶಿರಸಿ ತಾಲೂಕಿನ ಒಂದು ಹಳ್ಳಿಯ ಸೇವಾ ಸಹಕಾರಿ ಸಂಘದಲ್ಲಿ ನಿರ್ದೇಶಕನಾಗಿದ್ದೇನೆ. ಮೇ ಕೊನೆಯ ವಾರ ಸದಸ್ಯರ ಸಭೆ ಇದೆ. ಮಳೆಗೆ ಮೊದಲೇ ಎಲ್ಲರೂ ಕೂಡಿ ಅಡಿಕೆಗೆ ಕೊಳೆ ಮದ್ದು ಹೊಡೆಸಬೇಕು ಎಂದು 12 ನಿಮಿಷ ಮಾತನಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಳೆದ ಸಲ ಬರೆದು ಓದಿದೆ. ಜನ ಮೊಬೈಲ್ ನೋಡುತ್ತ ಕುಳಿತರು. ಈ ಸಲ ಅಲಂಕಾರ ಸೇರಿಸಿ ಬರೆದರೆ ನನಗೇ ನಾಟಕದ ಮಾತು ಅನ್ನಿಸುತ್ತಿದೆ. ಎರಡೂ ಮಾದರಿ ಕೆಳಗಿವೆ. ಮಾತು ಪರಿಣಾಮಕಾರಿಯಾಗಿ, ಕಣ್ಣಿಗೆ ಕಟ್ಟುವ ಹಾಗೆ ಇರಬೇಕಾದರೆ ಏನು ಮಾಡಬೇಕು?

ಕಳೆದ ಸಲದ್ದು: “ಪ್ರಸಕ್ತ ಸಾಲಿನಲ್ಲಿ ಮುಂಗಾರು ಪೂರ್ವದಲ್ಲಿಯೇ ಅಡಿಕೆ ಬೆಳೆಗಾರರು ಕೊಳೆರೋಗ ನಿಯಂತ್ರಣಕ್ಕೆ ಸಂಬಂಧಿಸಿದಂತೆ ಸೂಕ್ತ ಮುಂಜಾಗ್ರತಾ ಕ್ರಮಗಳನ್ನು ಸಾಮೂಹಿಕವಾಗಿ ಅನುಷ್ಠಾನಗೊಳಿಸುವ ನಿಟ್ಟಿನಲ್ಲಿ ಕಾರ್ಯಪ್ರವೃತ್ತರಾಗದಿದ್ದಲ್ಲಿ ಅಪಾರ ಪ್ರಮಾಣದ ಫಸಲು ನಷ್ಟ ಉಂಟಾಗುವುದನ್ನು ತಪ್ಪಿಸಲು ಸಾಧ್ಯವಾಗುವುದಿಲ್ಲ ಎಂಬುದನ್ನು ಗಮನಕ್ಕೆ ತರಬಯಸುತ್ತೇನೆ.”

ಈ ಸಲದ್ದು: “ಕೊಳೆರೋಗವೆಂಬ ಕರಾಳ ಮಹಾಮಾರಿಯು ತನ್ನ ಕೆನ್ನಾಲಿಗೆಯನ್ನು ಚಾಚಿ ಬೆಳೆಗಾರರ ಬದುಕಿನ ಬೇರಿಗೇ ಕೊಡಲಿಯೇಟು ಹಾಕುತ್ತಿದೆ.”

ಉತ್ತರ: ಎರಡು ಮಾದರಿಗಳ ದೋಷ ಒಂದೇ. ಕೊಳೆ ಬಂದ ಅಡಿಕೆ ಕಾಯಿ ಎರಡರಲ್ಲೂ ಇಲ್ಲ. ಮೊದಲನೆಯದು ಅದನ್ನು ಕಚೇರಿಯ ಭಾಷೆಯಲ್ಲಿ ಮುಚ್ಚಿದೆ, ಎರಡನೆಯದು ಪೌರಾಣಿಕ ನಾಟಕದ ಭಾಷೆಯಲ್ಲಿ. ಸಭೆಯ ಮಾತಿಗೆ ಬಣ್ಣ ಬರುವುದು ಕೇಳುಗ ಕೈಯಲ್ಲಿ ಹಿಡಿದ ವಸ್ತುವಿನ ಹೆಸರಿನಿಂದ ಮತ್ತು ಆ ವಸ್ತು ಮಾಡುವ ಕೆಲಸವನ್ನು ಹೇಳುವ ಕ್ರಿಯಾಪದದಿಂದ. ವಿಶೇಷಣಕ್ಕೆ ಅಲ್ಲಿ ಬಹಳ ಸಣ್ಣ ಪಾಲು.

ಮೊದಲ ಮಾದರಿಯನ್ನು ಬಿಚ್ಚಿ ನೋಡೋಣ. 26 ಪದಗಳ ಒಂದೇ ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಓದುವವನಿಗೆ ತೊಂದರೆಯಿಲ್ಲ, ಕಣ್ಣು ಹಿಂದೆ ಮುಂದೆ ಹೋಗುತ್ತದೆ. ಕೇಳುವವನು ಮಾತ್ರ ‘ಬೆಳೆಗಾರರು’ ಎಂಬ ಪದ ಕಿವಿಗೆ ಬಿದ್ದಾಗಿನಿಂದ ‘ಬೆಳೆಗಾರರು ಏನು ಮಾಡಿದರು’ ಎಂದು ಕಾಯುತ್ತ ನಡುವಿನದನ್ನೆಲ್ಲ ನೆನಪಿನಲ್ಲಿ ಹೊರಬೇಕು. ‘ಸಂಬಂಧಿಸಿದಂತೆ’, ‘ನಿಟ್ಟಿನಲ್ಲಿ’, ‘ಆಗದಿದ್ದಲ್ಲಿ’ ಎಂದು ಒಂದರ ಮೇಲೊಂದು ಬಂದಾಗ ಕೈಬಿಡುತ್ತಾನೆ. ನಿಮ್ಮ ಸದಸ್ಯರು ಮೊಬೈಲ್ ನೋಡಿದ್ದು ಆಸಕ್ತಿ ಇಲ್ಲದೆ ಅಲ್ಲ. ವಾಕ್ಯ ಮುಗಿಯುವವರೆಗೆ ಅವರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಜೊತೆಗೆ ಎರಡು ನಿಷೇಧಗಳು ಒಂದರೊಳಗೊಂದು ಸೇರಿವೆ: ‘ಕಾರ್ಯಪ್ರವೃತ್ತರಾಗದಿದ್ದಲ್ಲಿ’, ‘ತಪ್ಪಿಸಲು ಸಾಧ್ಯವಾಗುವುದಿಲ್ಲ’. ಇದನ್ನು ಬಿಡಿಸಿ ಅರ್ಥಮಾಡಿಕೊಳ್ಳಲು ಕಾಗದ ಎದುರಿಗಿರಬೇಕು.

ಎರಡನೆಯ ಮಾದರಿಯಲ್ಲಿ ಮಹಾಮಾರಿ, ಕೆನ್ನಾಲಿಗೆ, ಕೊಡಲಿ ಎಂದು ಮೂರು ಚಿತ್ರಗಳಿವೆ. ಮಹಾಮಾರಿ ಎಂದರೂ ರೋಗವೇ. ರೋಗವನ್ನು ರೋಗಕ್ಕೆ ಹೋಲಿಸಿದರೆ ಹೊಸದೇನೂ ಕಾಣುವುದಿಲ್ಲ. ಕೆನ್ನಾಲಿಗೆ ಬೆಂಕಿಗೆ ಸೇರಿದ್ದು. ಕೊಳೆ ಬರುವುದು ಮಳೆಯಲ್ಲಿ, ಕಾಯಿ ನೆಂದು. ಬೆಂಕಿಯ ಚಿತ್ರ ತಂದ ಕ್ಷಣವೇ ಒದ್ದೆ ತೋಟ ಕೇಳುಗನ ಕಣ್ಣಿಂದ ಮರೆಯಾಯಿತು. ಕೊಡಲಿಯೇಟು ಬೇರಿಗೆ ಬಿತ್ತು. ರೋಗ ಇರುವುದು ಕೊನೆಯಲ್ಲಿ, ಅಂದರೆ ಅಡಿಕೆ ಗೊಂಚಲಿನಲ್ಲಿ, ನಲವತ್ತು ಅಡಿ ಮೇಲೆ. ನಾಟಕದ ಮಾತು ಎಂದು ನಿಮಗೆ ಅನ್ನಿಸಿದ್ದು ಸರಿಯೇ. ಅಲಂಕಾರ ಇರುವುದು ದೋಷವಲ್ಲ, ಅದು ನಿಮ್ಮ ತೋಟದಲ್ಲಿ ಹುಟ್ಟಿಲ್ಲ ಎಂಬುದು ದೋಷ.

ಅದೇ ವಿಷಯ ಹೀಗೂ ಹೇಳಬಹುದು (ಮೈಲುತುತ್ತ ಎಂದರೆ ಮದ್ದಿಗೆ ಬೇಕಾದ ತಾಮ್ರದ ಸಲ್ಫೇಟ್, ಕೊನೆಗೌಡ ಎಂದರೆ ಮರ ಹತ್ತಿ ಮದ್ದು ಹೊಡೆಯುವವನು):

“ಆಷಾಢದಲ್ಲಿ ಒಂದು ಬೆಳಿಗ್ಗೆ ತೋಟಕ್ಕೆ ಇಳಿಯುತ್ತೀರಿ. ಮರದ ಬುಡದಲ್ಲಿ ಹಸಿರು ಕಾಯಿ ಬಿದ್ದಿವೆ. ಒಂದನ್ನು ಎತ್ತಿ ನೋಡುತ್ತೀರಿ. ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಒಂದು ಕಲೆ. ಅದರ ಮೇಲೆ ಬಿಳಿ ಬೂಷ್ಟು. ಆವತ್ತು ಪೇಟೆಗೆ ಓಡಿದರೆ ಮೈಲುತುತ್ತ ಸಿಗುತ್ತದೆ, ಕೊನೆಗೌಡ ಸಿಗುವುದಿಲ್ಲ. ಕೊನೆಗೌಡ ಸಿಕ್ಕರೆ ಮಳೆ ಬಿಡುವುದಿಲ್ಲ. ಮಳೆ ಬಿಟ್ಟ ದಿನ ನೋಡಿದರೆ, ಅರ್ಧ ಕೊನೆ ನೆಲದ ಮೇಲಿದೆ.”

ಇದರಲ್ಲಿ ‘ಕರಾಳ’, ‘ಅಪಾರ’, ‘ಭೀಕರ’ ಯಾವುದೂ ಇಲ್ಲ. ಇರುವ ವಿಶೇಷಣ ಎರಡೇ: ಹಸಿರು ಮತ್ತು ಬಿಳಿ. ಎರಡೂ ಕಣ್ಣಿಗೆ ಕಾಣುವಂಥವು, ಎರಡೂ ರೋಗದ ಗುರುತುಗಳು. ಕ್ರಿಯಾಪದಗಳನ್ನು ನೋಡಿ: ಇಳಿಯುತ್ತೀರಿ, ಎತ್ತಿ ನೋಡುತ್ತೀರಿ, ಓಡಿದರೆ. ಎಲ್ಲವೂ ಮೈಯಿಂದ ಮಾಡುವ ಕೆಲಸಗಳು. ‘ಅನುಷ್ಠಾನಗೊಳಿಸು’ ಎಂಬುದಕ್ಕೆ ಕೈಯೂ ಇಲ್ಲ, ಕಾಲೂ ಇಲ್ಲ. ಕೊನೆಯ ಮೂರು ವಾಕ್ಯಗಳು ಒಂದರ ಬಾಲವನ್ನು ಇನ್ನೊಂದು ಹಿಡಿದು ನಡೆಯುತ್ತವೆ: ಕೊನೆಗೌಡ ಸಿಗುವುದಿಲ್ಲ, ಕೊನೆಗೌಡ ಸಿಕ್ಕರೆ ಮಳೆ ಬಿಡುವುದಿಲ್ಲ, ಮಳೆ ಬಿಟ್ಟ ದಿನ. ಹಿಂದಿನ ವಾಕ್ಯದ ಕೊನೆಯಿಂದ ಮುಂದಿನ ವಾಕ್ಯ ಹುಟ್ಟಿದರೆ ಕೇಳುಗನಿಗೆ ದಾರಿ ತಪ್ಪುವುದಿಲ್ಲ, ಹೇಳುವವನಿಗೂ ಚೀಟಿ ಬೇಕಾಗುವುದಿಲ್ಲ.

ನಿಮ್ಮ ಭಾಷಣವನ್ನು ತಿದ್ದುವ ಕೆಲಸ ಹೀಗೆ ಮಾಡಿ. ಬರೆದದ್ದನ್ನು ಎದುರಿಗಿಟ್ಟುಕೊಂಡು ಕೊನೆಗೆ ‘-ಲಾಗುವುದು’, ‘-ಲಾಗಿದೆ’ ಇರುವ ಪ್ರತಿ ಕ್ರಿಯಾಪದಕ್ಕೆ ಗೆರೆ ಎಳೆಯಿರಿ. “ಔಷಧ ಸಾಮಗ್ರಿಗಳನ್ನು ವಿತರಿಸಲಾಗುವುದು.” ಯಾರು? ಎಲ್ಲಿ? ಯಾವಾಗ? ಮೂರಕ್ಕೂ ಉತ್ತರ ತುಂಬಿ: “ಸೋಮವಾರ ಬೆಳಿಗ್ಗೆ ಒಂಬತ್ತರಿಂದ ನಮ್ಮ ಗೋಡೌನಿನ ಬಾಗಿಲಲ್ಲಿ ಮೈಲುತುತ್ತ, ಸುಣ್ಣ ಕೊಡುತ್ತೇವೆ.” ವಾಕ್ಯ ಉದ್ದವಾಯಿತು, ಆದರೆ ಹಗುರಾಯಿತು. ಆಮೇಲೆ ‘ನಿಟ್ಟಿನಲ್ಲಿ’, ‘ಹಿನ್ನೆಲೆಯಲ್ಲಿ’, ‘ಸಂಬಂಧಿಸಿದಂತೆ’, ‘ಮುಖಾಂತರ’ ಇವನ್ನು ಹುಡುಕಿ. ಪ್ರತಿಯೊಂದರ ಬಳಿ ವಾಕ್ಯವನ್ನು ಮುರಿದು ಎರಡು ಮಾಡಿ. ಹತ್ತು ಹನ್ನೆರಡು ಪದ ದಾಟಿದ ವಾಕ್ಯಗಳು ಹತ್ತರಲ್ಲಿ ಒಂದೆರಡು ಇರಲಿ. ಎಲ್ಲವೂ ಚಿಕ್ಕವಾದರೆ ಆಜ್ಞೆ ಕೂಗಿದ ಹಾಗಾಗುತ್ತದೆ.

ಬರೆದದ್ದನ್ನು ಓದದೆ ನೇರ ಮಾತನಾಡುವವರಲ್ಲಿ ಇನ್ನೊಂದು ರೋಗವಿದೆ. ‘ಈ ಒಂದು ಸಂದರ್ಭದಲ್ಲಿ’, ‘ಈ ಒಂದು ಸಂಘದ ಈ ಒಂದು ಸಭೆಗೆ’, ‘ಆಗಮಿಸಿರತಕ್ಕಂತಹ’, ‘ಮಾಡಿರುವಂತಹ’. ಮನೆಯಲ್ಲಿ ಯಾರೂ “ನೀನು ಮಾಡಿರತಕ್ಕಂತಹ ತಂಬುಳಿ” ಅನ್ನುವುದಿಲ್ಲ. ವೇದಿಕೆ ಹತ್ತಿದ ಕೂಡಲೇ ನಾಲಿಗೆ ಯೋಚನೆಗೆ ಸಮಯ ಕದಿಯಲು ಈ ಬಾಲಗಳನ್ನು ಹಚ್ಚುತ್ತದೆ. ಸಮಯ ಬೇಕಾದರೆ ಸುಮ್ಮನೆ ನಿಲ್ಲಿ. ಎರಡು ಸೆಕೆಂಡಿನ ಮೌನ ಹೇಳುವವನಿಗೆ ಯುಗವೆನಿಸಿದರೂ ಕೇಳುವವನಿಗೆ ಉಸಿರಾಡಲು ಸಿಕ್ಕ ಜಾಗ.

ಉಪಮೆ ಬೇಡವೇ? ಬೇಕು. ಆದರೆ ಅಳೆದು ತನ್ನಿ. ಅಲಂಕಾರ ಶಾಸ್ತ್ರ ಉಪಮೆಗೆ ನಾಲ್ಕು ಅಂಗ ಹೇಳುತ್ತದೆ: ಉಪಮೇಯ (ಹೋಲಿಸುವ ವಿಷಯ), ಉಪಮಾನ (ಹೋಲಿಕೆಗೆ ತಂದ ವಸ್ತು), ಸಮಾನಧರ್ಮ (ಎರಡರಲ್ಲೂ ಇರುವ ಗುಣ), ವಾಚಕ (‘ಹಾಗೆ’, ‘ಅಂತೆ’ ಎಂಬಂಥ ಪದ). ಶಾಲೆಯಲ್ಲಿ ಗುರುತಿಸಲು ಕಲಿತದ್ದನ್ನು ಕಟ್ಟುವುದಕ್ಕೆ ಬಳಸಿ. ಮೊದಲು ಸಮಾನಧರ್ಮವನ್ನು ನಿರ್ಧರಿಸಬೇಕು, ಉಪಮಾನ ಆಮೇಲೆ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ: ಚಂದ ಕಂಡ ಉಪಮಾನ ಮೊದಲು ತಂದು ಸಂಬಂಧವನ್ನು ಕೇಳುಗನಿಗೆ ಬಿಡುತ್ತಾರೆ. ನೀವು ಹೇಳಬೇಕಾದ ಧರ್ಮ ಯಾವುದು? ಒಬ್ಬರೇ ಮದ್ದು ಹೊಡೆಸಿದರೆ ಸಾಲದು, ಪಕ್ಕದ ತೋಟದಿಂದ ಮಳೆಹನಿ ಸಿಡಿದು, ಗಾಳಿಗೆ ಸಿಕ್ಕಿ ಕೊಳೆ ಬರುತ್ತದೆ ಎಂಬುದು. ಹಾಗಾದರೆ ಒಬ್ಬನ ಜಾಗ್ರತೆ ಇನ್ನೊಬ್ಬನ ಉದಾಸೀನದಿಂದ ವ್ಯರ್ಥವಾಗುವ ಯಾವುದನ್ನು ನಿಮ್ಮ ಸದಸ್ಯರು ಕಂಡಿದ್ದಾರೆ? ಕಣ್ಣುಬೇನೆ. “ಶಾಲೆಯಲ್ಲಿ ಒಂದು ಮಗುವಿಗೆ ಕಣ್ಣುಬೇನೆ ಬಂದರೆ ನಿಮ್ಮ ಮಗುವಿನ ಕಣ್ಣು ಎಷ್ಟು ತೊಳೆದರೂ ಒಂದೇ. ಕೊಳೆಯೂ ಹಾಗೆ.” ಇಷ್ಟೇ. ಧರ್ಮ ಸರಿಹೊಂದಿತು, ಉಪಮಾನ ಮನೆಯದು, ವಾಚಕ ಒಂದೇ ಪದ. ಇದಕ್ಕೆ ಇನ್ನೊಂದು ಉಪಮೆ ಜೋಡಿಸಬೇಡಿ. ಹನ್ನೆರಡು ನಿಮಿಷದ ಮಾತಿಗೆ ಹೀಗೆ ಯೋಚಿಸಿದ ಎರಡು ಉಪಮೆ ಧಾರಾಳ.

ಸವೆದ ರೂಪಕಗಳು ಬೇರೆ ರೀತಿ ಕೆಡಿಸುತ್ತವೆ. ‘ದಾಪುಗಾಲು’, ‘ಹಸಿರು ನಿಶಾನೆ’, ‘ಗಗನಕ್ಕೇರಿದ ಬೆಲೆ’, ‘ಕಣ್ಣೀರಿನ ಕೋಡಿ’. ಇವನ್ನು ಕೇಳಿದಾಗ ಯಾರಿಗೂ ಕಾಲು, ನಿಶಾನೆ, ಗಗನ ಕಾಣುವುದಿಲ್ಲ. ಕಾಣದ ಚಿತ್ರಕ್ಕಿಂತ ನೇರ ಪದ ಮೇಲು: ಬೆಲೆ ಏರಿತು, ಅಷ್ಟೇ.

ಗಾದೆಗಳಲ್ಲೂ ಜಾಗ್ರತೆ ಬೇಕು. ಅಡಿಕೆಯ ಸಭೆ ಎಂದು “ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು” ಎಂದು ಹೇಳಲು ಆಸೆಯಾಗುತ್ತದೆ. ಆ ಗಾದೆಯಲ್ಲಿ ಅಡಿಕೆ ಎಂದರೆ ಕ್ಷುಲ್ಲಕ ವಸ್ತು. ಅದನ್ನೇ ನಂಬಿ ಬದುಕುವವರ ಎದುರು ಅದು ಹೊಂದುವುದಿಲ್ಲ. “ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು” ಎಂಬುದು ನಿಮ್ಮ ವಿಷಯಕ್ಕೆ ಸರಿಯಾಗಿ ಕೂರುತ್ತದೆ. ಅದನ್ನು ಪೂರ್ತಿ ಹೇಳಬೇಡಿ. “ಕೋಟೆ ಸೂರೆ ಹೋದ ಮೇಲೆ...” ಎಂದು ನಿಲ್ಲಿಸಿ. ಉಳಿದದ್ದನ್ನು ಹಿರಿಯರು ತಾವೇ ಹೇಳುತ್ತಾರೆ. ಸಭೆಯ ಬಾಯಿಂದ ಬಂದ ಅರ್ಧ ಸಾಲು ನಿಮ್ಮ ಪೂರ್ತಿ ಸಾಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಅಂಕಿಗಳ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಕೃಷಿ ಸಭೆಗಳು ನೀರಸವಾಗುವುದು ಅಲ್ಲಿಯೇ. “ಶೇಕಡಾ 1ರ ಬೋರ್ಡೋ ದ್ರಾವಣ” ಎಂದರೆ ಅದು ಚೀಟಿಯ ಮಾತು. “ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ” ಎಂದರೆ ಅಳತೆ ಬಂತು. “ನಿಮ್ಮ ಮನೆಯ ಇನ್ನೂರು ಲೀಟರಿನ ಬ್ಯಾರೆಲ್ಲಿಗೆ ಎರಡೆರಡು ಕಿಲೊ” ಎಂದರೆ ಬ್ಯಾರೆಲ್ ಕಣ್ಣೆದುರು ಬಂತು. ಅಂಕಿಯನ್ನು ಕೇಳುಗನ ಮನೆಯಲ್ಲಿರುವ ಪಾತ್ರೆಗೆ ಇಳಿಸಿ.

ದಿನದ ಲೆಕ್ಕವೂ ಹಾಗೆಯೇ. ಎರಡನೆಯ ಮದ್ದು 40ರಿಂದ 45 ದಿನಕ್ಕೆ ಎಂದರೆ ಸಭೆ ಮುಗಿಯುವಷ್ಟರಲ್ಲಿ ಮರೆಯುತ್ತಾರೆ. ಜೂನ್ 1ಕ್ಕೆ ಮೊದಲ ಮದ್ದು ಹೊಡೆದವರಿಗೆ ಅದು ಜುಲೈ 11ರಿಂದ 16ರ ಒಳಗೆ ಬೀಳುತ್ತದೆ. ನಿಮ್ಮ ಕಡೆ ಮಳೆಯನ್ನು ಈಗಲೂ ನಕ್ಷತ್ರದ ಹೆಸರಿನಲ್ಲಿ ಎಣಿಸುತ್ತಾರೆ. “ರೋಹಿಣಿಯಲ್ಲಿ ಒಂದು, ಪುನರ್ವಸುವಿನಲ್ಲಿ ಇನ್ನೊಂದು.” ಇದು ಲಯವಿರುವ ನಾಲ್ಕು ಪದದ ಮಾತು, ಪಂಚಾಂಗದ ಲೆಕ್ಕಕ್ಕೂ ಸರಿ. ಭಾಷಣದಲ್ಲಿ ಮೂರು ಸಲ ಬರಬೇಕಾದ ಸಾಲು ಇದೇ: ಮೊದಲ ನಿಮಿಷದಲ್ಲಿ, ಮಿಶ್ರಣದ ವಿವರ ಮುಗಿದಾಗ, ಮುಗಿತಾಯಕ್ಕೆ ಮೊದಲು. ಕರಾವಳಿಯಲ್ಲಿ ಮೀನುಗಾರರ ಎದುರು ಮಾತನಾಡುವವರಿಗೂ ಇದು ಅನ್ವಯ. “61 ದಿನಗಳ ನಿಷೇಧ ಅವಧಿ” ಅನ್ನುವುದಕ್ಕಿಂತ “ಜೂನ್ ಒಂದಕ್ಕೆ ದಡ ಸೇರಿದ ಬೋಟು ಜುಲೈ ಕಳೆಯುವ ತನಕ ನೀರಿಗಿಳಿಯುವುದಿಲ್ಲ” ಎಂದರೆ ಖಾಲಿ ಕೂತ ಬೋಟು ಕಾಣುತ್ತದೆ. ಒಂದು ವಾಕ್ಯದಲ್ಲಿ ಎರಡಕ್ಕಿಂತ ಹೆಚ್ಚು ಅಂಕಿ ಹಾಕಬೇಡಿ. ನಿಮ್ಮ ಸಂಘದ ಲೆಕ್ಕಪತ್ರದ ನಿಖರ ಸಂಖ್ಯೆ ಕಾಗದದಲ್ಲಿರಲಿ, ಬಾಯಿಗೆ ದುಂಡು ಸಂಖ್ಯೆ ಸಾಕು. ಆದರೆ ಮದ್ದಿನ ಅಳತೆಯನ್ನು ಎಂದೂ ದುಂಡು ಮಾಡಬೇಡಿ.

ವೇದಿಕೆಗೆ ವಸ್ತು ತರಲು ಸಾಧ್ಯವಾದರೆ ಅರ್ಧ ಭಾಷೆಯ ಕೆಲಸ ಉಳಿಯುತ್ತದೆ. ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ದ್ರಾವಣ, ಒಂದು ಹೊಳೆಯುವ ಕತ್ತಿ. ಅಲಗನ್ನು ಅದ್ದಿ ಒಂದು ನಿಮಿಷ ಹಿಡಿಯಿರಿ. ಎತ್ತಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ತಿಳಿ ಹಾಕಿ, ಮತ್ತೆ ಅದ್ದಿ. ಅಲಗು ಬಿಳಿಯಾಗಿಯೇ ಬಂದರೆ ಮದ್ದು ಸರಿ. ಆ ಒಂದು ನಿಮಿಷ ಮಾತು ತುಂಬುವ ಆಸೆ ಬರುತ್ತದೆ. ತುಂಬಬೇಡಿ. “ನೋಡಿ” ಎಂದಷ್ಟೇ ಹೇಳಿ. ಹಿಂದಿನ ಸಾಲಿನವರಿಗೆ ಅಲಗು ಕಾಣದು, ಅದಕ್ಕೆ ಮುಂದೆ ಕುಳಿತ ಒಬ್ಬರನ್ನು ಕರೆದು “ಏನು ಬಣ್ಣ ಕಾಣ್ತದೆ? ಗಟ್ಟಿಯಾಗಿ ಹೇಳಿ” ಎಂದು ಕೇಳಿ. ಬೆಳೆಗಾರನ ಬಾಯಿಂದ “ಕೆಂಪು” ಎಂದು ಬಂದರೆ ಅದಕ್ಕಿಂತ ಎದ್ದು ಕಾಣುವ ವಿಶೇಷಣ ಬೇರೆ ಇಲ್ಲ.

ಕೇಳುವವರ ಮೈಗೆ ಕೆಲಸ ಕೊಡುವ ಮಾತಿನ ಶಕ್ತಿಗೆ ನಿಮ್ಮ ತಾಲೂಕಿನಲ್ಲಿಯೇ ದೊಡ್ಡ ಉದಾಹರಣೆ ಇದೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಡೆಯ ಕಾಡಿನಲ್ಲಿ ಮರ ಉಳಿಸಲು ಹೊರಟವರು ಅಪ್ಪಿಕೋ ಎಂದರು. ಆ ಹೆಸರು ಕೇಳಿದವನಿಗೆ ತಾನು ಏನು ಮಾಡಬೇಕು ಎಂದು ತಿಳಿಯಲು ಇನ್ನೊಂದು ಪದ ಬೇಕಿರಲಿಲ್ಲ. 1930ರಲ್ಲಿ ಅಂಕೋಲೆಯಲ್ಲಿ ಜನ ಕಡಲಿಗೆ ಹೊರಟಾಗಲೂ ಸ್ವಾತಂತ್ರ್ಯ ಎಂಬ ದೂರದ ಮಾತು ಒಂದು ಹಿಡಿ ಉಪ್ಪಾಗಿ ಕೈಗೆ ಬಂದಿತ್ತು. ನಿಮ್ಮ ಭಾಷಣದಲ್ಲೂ ‘ಸಾಮೂಹಿಕ ಸಹಭಾಗಿತ್ವ’ ಎಂಬುದನ್ನು ಕೈಗೆ ಸಿಗುವ ಒಂದು ಕೆಲಸವಾಗಿ ಇಳಿಸಿ: “ನಿಮ್ಮ ಮದ್ದಿನ ದಿನ ಪಕ್ಕದ ತೋಟದವರಿಗೆ ಹೇಳಿ.”

ಕನ್ನಡದ ಅನುಕರಣ ಪದಗಳು ಮತ್ತು ದ್ವಿರುಕ್ತಿ ಬಹಳ ಅಗ್ಗದಲ್ಲಿ ಸಿಗುವ ಬಣ್ಣ. ಧೋ ಎಂದು ಸುರಿಯುವ ಮಳೆಯೂ ಜಿಟಿಜಿಟಿ ಮಳೆಯೂ ಬೇರೆ. ಬಿಡದೆ ಹಿಡಿದ ಮಳೆ, ತಂಪು, ನಡುನಡುವೆ ಇಣುಕುವ ಬಿಸಿಲು ಕೊಳೆಗೆ ಹೇಳಿ ಮಾಡಿಸಿದ ಹವೆ. ಹಾಗಿರುವಾಗ ಯಾವ ಮಳೆ ಎಂದು ‘ಜಿಟಿಜಿಟಿ’ ಎಂಬ ಒಂದು ಪದವೇ ಹೇಳುತ್ತದೆ. ಅರ್ಥ ಹೆಚ್ಚಿಸುವಲ್ಲಿ ಬಳಸಿ, ಸದ್ದಿಗಾಗಿ ಬೇಡ. ‘ಪಟಪಟ’, ‘ದಡದಡ’, ‘ಸರಸರ’ ಒಂದೇ ಕಂಡಿಕೆಯಲ್ಲಿ ಬಂದರೆ ಮಕ್ಕಳ ಕತೆಯಾಗುತ್ತದೆ.

ತಾಳಮದ್ದಲೆ, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದ ಊರಿನಲ್ಲಿ ವೇದಿಕೆ ಹತ್ತಿದವರಿಗೆ ಅರ್ಥಧಾರಿಯ (ಪಾತ್ರದ ಮಾತು ಹೇಳುವವನ) ಧಾಟಿ ತಾನಾಗಿ ಬಂದುಬಿಡುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತಿನಿಂದ ಪಾತ್ರ ನಿಲ್ಲಬೇಕು. ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಅಲ್ಲಿಂದ ತೆಗೆದುಕೊಳ್ಳಬೇಕಾದದ್ದು ಎರಡು. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಯ ಮಾತು ಕಟ್ಟಿಕೊಂಡಿರುತ್ತದೆ, ಎಷ್ಟು ಹರಿದರೂ ಮತ್ತೆ ಆ ಪದ್ಯಕ್ಕೆ ಬಂದು ಸೇರುತ್ತದೆ. ನಿಮ್ಮ ಪದ್ಯ “ರೋಹಿಣಿಯಲ್ಲಿ ಒಂದು” ಎಂಬ ಸಾಲು. ಎರಡನೆಯದು ಪ್ರಶ್ನೆ. ಎದುರಾಳಿ ಕೇಳಬಹುದಾದ ಪ್ರಶ್ನೆಯನ್ನು ತಾನೇ ಕೇಳಿ ಉತ್ತರಿಸುವ ಜಾಣ್ಮೆ ಅಲ್ಲಿದೆ. “ಕಳೆದ ವರ್ಷ ಮದ್ದು ಹೊಡೆದರೂ ಕೊಳೆ ಬಂತಲ್ಲ?” ಎಂದು ಹಿಂದಿನ ಬೆಂಚಿನವನು ಮನಸ್ಸಿನಲ್ಲಿ ಕೇಳುತ್ತಿದ್ದಾನೆ. ಅದನ್ನು ಅವನ ಮಾತಿನಲ್ಲೇ ಗಟ್ಟಿಯಾಗಿ ಕೇಳಿ ಉತ್ತರಿಸಿ: ತಡವಾಗಿತ್ತು, ಸುಣ್ಣ ಕಡಿಮೆಯಿತ್ತು, ಕೊನೆಯ ಒಂದು ಮಗ್ಗುಲಿಗೆ ಮಾತ್ರ ಮದ್ದು ಬಿದ್ದಿತ್ತು.

ಬಿಡಬೇಕಾದದ್ದು ಅಲ್ಲಿನ ಸಂಸ್ಕೃತ ಸಮಾಸಗಳ ಸರಪಳಿ. ತಾಳಮದ್ದಲೆಗೆ ಬಂದವರಿಗೆ ಕತೆ ಮೊದಲೇ ಗೊತ್ತು, ಕೂರಲು ಸಮಯವಿದೆ, ಪದಗಳ ಸೊಗಸಿಗೇ ಬಂದಿದ್ದಾರೆ. ನಿಮ್ಮ ಸದಸ್ಯರು ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕು.

ಮನೆಮಾತು ಎಷ್ಟು ಬಳಸಬೇಕು ಎಂಬುದು ನಮ್ಮ ಜಿಲ್ಲೆಯಲ್ಲಿ ಸೂಕ್ಷ್ಮ ಪ್ರಶ್ನೆ. ಸಭೆಯಲ್ಲಿ ಹವ್ಯಕ ಕನ್ನಡ ಮಾತನಾಡುವವರೇ ಹೆಚ್ಚಿರಬಹುದು. ಆದರೆ ಮದ್ದು ಹೊಡೆಯುವ ಕೊನೆಗೌಡರೂ, ತೋಟದ ಕೆಲಸದವರೂ, ಬೇರೆ ಸಮುದಾಯದ ಬೆಳೆಗಾರರೂ ಅಲ್ಲೇ ಇದ್ದಾರೆ. ಪೂರ್ತಿ ಮನೆಮಾತಿಗೆ ಇಳಿದರೆ ಅವರನ್ನು ಹೊರಗಿಟ್ಟ ಹಾಗಾಗುತ್ತದೆ. ಮಾತಿನ ನೆಲ ಎಲ್ಲರ ಕನ್ನಡವಾಗಿರಲಿ, ಮನೆಮಾತು ಯಾರದೋ ಬಾಯಲ್ಲಿ ಬರಲಿ: “ಪ್ರತಿ ವರ್ಷ ನಾವು ಹೇಳುವುದೇನು? ‘ಮಳೆ ತಡ ಆಗ್ತಡ, ಮುಂದಿನ ವಾರ ನೋಡನ.’” ಒಂದು ಸಾಲು ಸಾಕು, ಸಭೆ ನಗುತ್ತದೆ, ತಮ್ಮನ್ನೇ ಅದರಲ್ಲಿ ಕಾಣುತ್ತದೆ. ಕಾರವಾರದಲ್ಲಾದರೆ ಆ ಒಂದು ಸಾಲು ಕೊಂಕಣಿಯಲ್ಲಿ ಬರಬಹುದು, ಅಂಕೋಲಾ ಕುಮಟಾ ಕಡೆ ಹಾಲಕ್ಕಿಗಳ ಕನ್ನಡದಲ್ಲಿ. ನಿಮಗೆ ಬಾರದ ಇನ್ನೊಬ್ಬರ ಆಡುಮಾತನ್ನು ಮಾತ್ರ ಅನುಕರಿಸಬೇಡಿ. ಅದು ಅಣಕದಂತೆ ಕೇಳುತ್ತದೆ, ನಿಮ್ಮ ಉದ್ದೇಶ ಏನೇ ಇರಲಿ.

ಬಣ್ಣ ತೆಗೆಯಬೇಕಾದ ಜಾಗವೂ ಇದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಜಿಲ್ಲೆಯ ಯಾವ ಸಭೆಯಲ್ಲಿ ಪ್ರಸ್ತಾಪಿಸಿದರೂ ಕೇಳುಗರಲ್ಲಿ ಆ ದಿನಗಳನ್ನು ಹತ್ತಿರದಿಂದ ಕಂಡವರು ಇರುತ್ತಾರೆ. ಅಲ್ಲಿ ದಿನಾಂಕ, ಸ್ಥಳ, ನಡೆದದ್ದು, ಇಷ್ಟೇ ಹೇಳಿ. ‘ರುದ್ರನರ್ತನ’, ‘ಜವರಾಯನ ಅಟ್ಟಹಾಸ’ ಎಂದರೆ ಜೀವ ಕಳೆದುಕೊಂಡವರನ್ನು ಅಲಂಕಾರಕ್ಕೆ ಬಳಸಿಕೊಂಡ ಹಾಗೆ. ವಿಷಯ ಭಾರವಾದಷ್ಟೂ ಪದ ಸರಳವಾಗಿರಲಿ. ಕೊಳೆಯನ್ನೂ ಇದ್ದದ್ದಕ್ಕಿಂತ ದೊಡ್ಡದು ಮಾಡಬೇಡಿ. ಹತ್ತು ಕ್ವಿಂಟಲಿನಲ್ಲಿ ಎರಡು ಹೋದವನಿಗೆ “ಸರ್ವನಾಶ” ಎಂದರೆ ನಿಮ್ಮ ಮುಂದಿನ ಮಾತನ್ನೂ ಅವನು ಅದೇ ಪ್ರಮಾಣದಲ್ಲಿ ಕಳೆದು ಕೇಳುತ್ತಾನೆ.

ಇನ್ನು, ಎಷ್ಟು ಒಳ್ಳೆಯ ವಾಕ್ಯ ಬರೆದರೂ ಕನ್ನಡದಲ್ಲಿ ಅದು ಹಾಳಾಗುವ ಒಂದು ಜಾಗವಿದೆ: ವಾಕ್ಯದ ಕೊನೆ. ಉಸಿರು ಕಡಿಮೆಯಾಗಿ ದನಿ ಅಲ್ಲಿ ತಗ್ಗುತ್ತದೆ. ಆದರೆ ನಮ್ಮ ಭಾಷೆಯಲ್ಲಿ ಹೌದೋ ಅಲ್ಲವೋ, ಯಾರು, ಯಾವಾಗ ಎಂಬುದೆಲ್ಲ ಇರುವುದು ಕ್ರಿಯಾಪದದ ಬಾಲದಲ್ಲಿ. “ಮಳೆ ಹಿಡಿದ ಮೇಲೆ ಹೊಡೆದ ಮದ್ದು ನಿಲ್ಲುವುದಿಲ್ಲ” ಎಂಬುದರಲ್ಲಿ ‘-ದಿಲ್ಲ’ ನುಂಗಿಹೋದರೆ ಹಿಂದಿನ ಸಾಲಿನವನಿಗೆ “ನಿಲ್ಲುವು...” ಎಂದಷ್ಟೇ ಕೇಳುತ್ತದೆ. ಅಪಾಯಕಾರಿ ತಪ್ಪು ಇದು. ಎರಡು ಪರಿಹಾರ: ಉಸಿರನ್ನು ವಾಕ್ಯದ ಆರಂಭದಲ್ಲಿ ತುಂಬಿಕೊಳ್ಳಿ, ಕೊನೆಯ ಪದಕ್ಕೆ ಮೊದಲು ಅರೆಕ್ಷಣ ತಡೆದು ಅದನ್ನು ಬಿಡಿಬಿಡಿಯಾಗಿ ಹೇಳಿ. ಬಹಳ ಮುಖ್ಯವಾದ ನಿಷೇಧವನ್ನು ಎರಡು ವಾಕ್ಯ ಮಾಡಿ: “ಮಳೆ ಹಿಡಿದ ಮೇಲೆ ಮದ್ದು ಹೊಡೆಯಬೇಡಿ. ನಿಲ್ಲುವುದಿಲ್ಲ.”

ತಗಡಿನ ಮಾಡಿನ ಸಭಾಭವನದಲ್ಲಿ ಮೇ ಕೊನೆಗೆ ಮಳೆ ಬಂದರೆ ಮೈಕೂ ಸೋಲುತ್ತದೆ. ಜೋರು ಮಳೆ ಬಂದಾಗ ಕೂಗಬೇಡಿ, ಕೂಗಿದರೆ ಪದ ಇನ್ನೂ ಮಸುಕಾಗುತ್ತದೆ. ವಾಕ್ಯವನ್ನು ಮೂರು ನಾಲ್ಕು ಪದಕ್ಕೆ ಇಳಿಸಿ, ಮುಖ್ಯ ಸಾಲನ್ನು ಎರಡು ಸಲ ಹೇಳಿ. ಮೈಕು ಬಾಯಿಂದ ನಾಲ್ಕರಿಂದ ಆರು ಬೆರಳು ದೂರ, ಸ್ವಲ್ಪ ಓರೆಯಾಗಿ ಇರಲಿ. ನೇರ ಎದುರಿಗಿದ್ದರೆ ‘ಪ’, ‘ಭ’, ‘ಫ’ ಬಂದಾಗಲೆಲ್ಲ ಉಸಿರು ಬಡಿಯುತ್ತದೆ. ಕಾರವಾರದ ಕಡಲತೀರದಂತಹ ಬಯಲಿನಲ್ಲಿ ಸಂಜೆ ಗಾಳಿ ಕಡಲಿನಿಂದ ಬರುತ್ತದೆ, ಅಲ್ಲಿ ಮೈಕಿಗೆ ಸ್ಪಂಜಿನ ಟೊಪ್ಪಿ ಇಲ್ಲದೆ ಮಾತಿಗೆ ನಿಲ್ಲಬೇಡಿ.

ತಯಾರಿಯ ಕ್ರಮ. ಇಂಗ್ಲಿಷಿನವರು ನಿಮಿಷಕ್ಕೆ ಇಷ್ಟು ಪದ ಎಂದು ಹೇಳುವ ಲೆಕ್ಕ ನಮಗೆ ಹೊಂದುವುದಿಲ್ಲ. ‘ಮಾಡಿಸಿಕೊಳ್ಳಬೇಕಾಗಿತ್ತು’ ನಮ್ಮಲ್ಲಿ ಒಂದೇ ಪದ. ನಿಧಾನದ ಸಭಾಮಾತಿಗೆ ನಿಮಿಷಕ್ಕೆ 80ರಿಂದ 90 ಕನ್ನಡ ಪದ ಹಿಡಿಯಿರಿ. ಕತ್ತಿಯ ಪ್ರಯೋಗ ಮತ್ತು ಮೌನ ಕಳೆದರೆ ನಿಮಗೆ ಉಳಿಯುವುದು ಸುಮಾರು 850 ಪದ. ಆಷಾಢದ ಬೆಳಗಿನ ಚಿತ್ರಕ್ಕೆ ಒಂದು ನಿಮಿಷ, ಯಾಕೆ ಎಲ್ಲರೂ ಒಟ್ಟಿಗೆ ಎಂಬುದಕ್ಕೆ ಎರಡು, ಮಿಶ್ರಣ ಮತ್ತು ಕತ್ತಿಗೆ ನಾಲ್ಕು, ಹಿಂದಿನ ಬೆಂಚಿನ ಪ್ರಶ್ನೆಗಳಿಗೆ ಎರಡು, ಸಂಘ ಏನು ಮಾಡುತ್ತದೆ ಎಂಬುದಕ್ಕೆ ಎರಡು, ಉಳಿದ ಒಂದು ನಿಮಿಷ ಮುಗಿತಾಯಕ್ಕೆ. ಪೂರ್ತಿ ಬರೆಯಿರಿ, ಆದರೆ ಬರೆದದ್ದನ್ನು ಕೊಂಡೊಯ್ಯಬೇಡಿ. ಜೋರಾಗಿ ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಕೇಳುವಾಗ ಮೂರನ್ನು ಗುರುತು ಮಾಡಿ: ವಾಕ್ಯದ ನಡುವೆ ಉಸಿರು ಕಟ್ಟಿದ ಜಾಗ, ಕೊನೆಯ ಪದ ಕೇಳಿಸದ ಜಾಗ, ‘ಈ ಒಂದು’ ಬಂದ ಜಾಗ. ಉಸಿರು ಕಟ್ಟಿದಲ್ಲಿ ವಾಕ್ಯ ಮುರಿಯಿರಿ. ಮೂರನೆಯ ಸಲ ಹೇಳುವಷ್ಟರಲ್ಲಿ ಬರೆದ ಕೆಲವು ಪದಗಳು ತಾವಾಗಿ ಬದಲಾಗಿರುತ್ತವೆ. ಬದಲಾದ ರೂಪವನ್ನೇ ಇಟ್ಟುಕೊಳ್ಳಿ, ಅದು ನಿಮ್ಮ ನಾಲಿಗೆಯದು. ಸಭೆಗೆ ಒಂದು ಅಂಗೈ ಅಗಲದ ಕಾರ್ಡು ಸಾಕು. ಅದರಲ್ಲಿ ಮೊದಲ ವಾಕ್ಯ, ಅಳತೆಗಳು, ದಿನಾಂಕಗಳು, ಕೊನೆಯ ವಾಕ್ಯ.

ಮೊದಲ ವಾಕ್ಯ “ವೇದಿಕೆಯ ಮೇಲೆ ಆಸೀನರಾಗಿರುವ” ಎಂದು ಆರಂಭವಾಗದಿರಲಿ. ಆ ಪಟ್ಟಿ ಒಂದೂವರೆ ನಿಮಿಷ ತಿನ್ನುತ್ತದೆ, ಸಭೆ ಅತ್ಯಂತ ಎಚ್ಚರವಾಗಿರುವ ನಿಮಿಷವೂ ಅದೇ. “ಅಧ್ಯಕ್ಷರೇ, ಹಿರಿಯರೇ, ಎಲ್ಲ ಸದಸ್ಯರೇ, ನಮಸ್ಕಾರ” ಎಂದು ಹೇಳಿ ನೇರ ತೋಟಕ್ಕೆ ಇಳಿಯಿರಿ. ಯಾರಿಗೂ ಅಗೌರವವಾಗುವುದಿಲ್ಲ. ಸ್ವಾಗತಿಸುವವರು ಹೆಸರುಗಳನ್ನು ಆಗಲೇ ಹೇಳಿರುತ್ತಾರೆ.

ಕೊನೆಗೆ “ನನಗೆ ಮಾತನಾಡಲು ಅವಕಾಶ ಮಾಡಿಕೊಟ್ಟ” ಎಂದು ಕೃತಜ್ಞತೆಗೆ ಹೊರಳಿದರೆ ಜನ ಚಪ್ಪಲಿ ಹುಡುಕಲು ಏಳುತ್ತಾರೆ, ಹೇಳಿದ ದಿನಾಂಕ ಅಲ್ಲೇ ಬಿದ್ದುಹೋಗುತ್ತದೆ. ಧನ್ಯವಾದವನ್ನು ಮುಗಿತಾಯಕ್ಕೆ ಒಂದು ನಿಮಿಷ ಮೊದಲೇ ಮುಗಿಸಿಬಿಡಿ. ಕೊನೆಯ ವಾಕ್ಯದಲ್ಲಿ ದಿನ, ಹೊತ್ತು, ಜಾಗ, ಕೈಯಲ್ಲಿ ತರಬೇಕಾದ ವಸ್ತು ಇರಲಿ: “ಸೋಮವಾರ, ಬೆಳಿಗ್ಗೆ ಒಂಬತ್ತು, ಗೋಡೌನಿನ ಬಾಗಿಲು, ಪಾಸ್‌ಬುಕ್ ಮತ್ತು ಎರಡು ಚೀಲ ತನ್ನಿ.”